ಜರಡಿಯಲ್ಲಿ ನಿಲ್ಲದ ನುಚ್ಚು

ತಾಳೆಗರಿ ಓದುವವರಿಗೆ ಒಂದು ಕಷ್ಟ ಚೆನ್ನಾಗಿ ಗೊತ್ತು. ಹಳೆಯ ಲಿಪಿಕಾರರಿಗೆ ಪದಕ್ಕೂ ಪದಕ್ಕೂ ನಡುವೆ ತೆರಪು ಬಿಡುವ ರೂಢಿ ಇರಲಿಲ್ಲ. ಗರಿಯ ಎಡತುದಿಯಿಂದ ಬಲತುದಿಯವರೆಗೆ ಅಕ್ಷರಗಳ ಒಂದೇ ಸಾಲು. ಎಲ್ಲಿ ಒಂದು ಮಾತು ಮುಗಿಯಿತು, ಎಲ್ಲಿ ಇನ್ನೊಂದು ಹಿಡಿಯಿತು ಎಂಬುದನ್ನು ಓದುವವನೇ ಕಂಡುಕೊಳ್ಳಬೇಕು. ಒಂದಕ್ಷರ ಆಚೆಗೆ ಒಡೆದರೆ ಒಂದು ಅರ್ಥ, ಈಚೆಗೆ ಒಡೆದರೆ ಮತ್ತೊಂದು, ಇನ್ನೂ ಈಚೆಗೆ ಬಂದರೆ ಅನರ್ಥ. ಒಂದು ಸಾಲಿನ ಪದವಿಭಾಗಕ್ಕಾಗಿ ಇಬ್ಬರು ಪಂಡಿತರು ಮಾತು ಬಿಟ್ಟರೆ ಅದರಲ್ಲಿ ಆಶ್ಚರ್ಯಪಡುವಂಥದೇನೂ ಇಲ್ಲ.

ಜೀವಕೋಶದೊಳಗಿನ ಡಿ.ಎನ್.ಎ. ಎಂಬ ಗ್ರಂಥವೂ ಇದೇ ಜಾತಿಯದು. ಅದಕ್ಕಿರುವುದು ನಾಲ್ಕೇ ಅಕ್ಷರ: ಎ, ಟಿ, ಜಿ, ಸಿ. ತೆರಪಿಲ್ಲ, ಅಲ್ಪವಿರಾಮವಿಲ್ಲ, ಅಧ್ಯಾಯದ ಹೆಸರಿಲ್ಲ. ಮನುಷ್ಯನ ಪ್ರತಿಯಲ್ಲಿ ಇಂಥ ಅಕ್ಷರಗಳು ಸುಮಾರು 300 ಕೋಟಿ. ಈ ಸಾಲಿನಲ್ಲಿ ಅಲ್ಲಲ್ಲಿ ಪ್ರೋಟೀನುಗಳನ್ನು ತಯಾರಿಸುವ ಸೂಚನೆಗಳು ಅಡಗಿವೆ. ರಕ್ತಕ್ಕೆ ಕೆಂಪು ಕೊಡುವ ಹಿಮೋಗ್ಲೋಬಿನ್, ಕೂದಲಿನ ಕೆರಾಟಿನ್, ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಎಲ್ಲವೂ ಹೀಗೆ ಬರೆದಿಟ್ಟ ಸೂಚನೆಯಂತೆ ತಯಾರಾದವುಗಳೇ. ಒಂದು ಸೂಚನೆ ಎಲ್ಲಿ ತೊಡಗಿ ಎಲ್ಲಿ ಮುಗಿಯಬಹುದು ಎಂದು ಹುಡುಕುವ ಕೆಲಸಕ್ಕೆ ವಿಜ್ಞಾನಿಗಳು ‘ಓಪನ್ ರೀಡಿಂಗ್ ಫ್ರೇಮ್’ ಗುರುತಿಸುವುದು ಎನ್ನುತ್ತಾರೆ. ಕನ್ನಡದಲ್ಲಿ ‘ತೆರೆದ ಓದು’ ಎಂದರೆ ಸಾಕು. ನಡುವೆ ಅಡ್ಡಿಯಿಲ್ಲದೆ ಓದಿಕೊಂಡು ಹೋಗಬಹುದಾದ ಹಾದಿ ಎಂದು ಅರ್ಥ. ಹೆಸರು ಕೇಳಿದರೆ ಗಣಕಯಂತ್ರದ ಮುಂದೆ ಕೂತವರ ಒಣ ಲೆಕ್ಕಾಚಾರ ಎನಿಸುತ್ತದೆ. ಆದರೆ ಈ ಲೆಕ್ಕದಲ್ಲಿ ಅನುಕೂಲಕ್ಕೆಂದು ಮಾಡಿಕೊಂಡ ಒಂದು ಸಣ್ಣ ನಿಯಮ ಎಷ್ಟನ್ನು ಕಣ್ಣಿಗೆ ಬೀಳದಂತೆ ಮಾಡಿತ್ತೆಂಬುದು ತಿಳಿದುಕೊಳ್ಳಬೇಕಾದ ಸಂಗತಿ.

ಜೀವಕೋಶ ಈ ಸಾಲನ್ನು ಓದುವುದು ಮೂರು ಮೂರು ಅಕ್ಷರಗಳ ಲೆಕ್ಕದಲ್ಲಿ. ನಾಲ್ಕು ಅಕ್ಷರಗಳಿಂದ ಮೂರಕ್ಷರದ ಪದಗಳನ್ನು ಕಟ್ಟಿದರೆ 64 ಪದಗಳಾಗುತ್ತವೆ. ಇವಕ್ಕೆ ಕೋಡಾನ್ ಎಂದು ಹೆಸರು. ಇವುಗಳಲ್ಲಿ 61 ಪದಗಳು ಯಾವುದಾದರೂ ಒಂದು ಅಮೈನೋ ಆಮ್ಲವನ್ನು ಸೂಚಿಸುತ್ತವೆ. ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದರೆ ಪ್ರೋಟೀನು. ಉಳಿದ ಮೂರು ಪದಗಳಾದ ಟಿಎಎ, ಟಿಎಜಿ, ಟಿಜಿಎಗಳು ಪೂರ್ಣವಿರಾಮಗಳು. ಅವು ಎದುರಾದಲ್ಲಿ ಪೋಣಿಸುವ ಕೆಲಸ ನಿಲ್ಲುತ್ತದೆ. ಆರಂಭಕ್ಕೆ ಸಾಮಾನ್ಯವಾಗಿ ಎಟಿಜಿ ಎಂಬ ಪದ. ಅದೊಂದು ಬಗೆಯ ಶ್ರೀಕಾರ.

ಪೂರ್ಣವಿರಾಮಗಳಿಗೆ ಅಡ್ಡಹೆಸರುಗಳೂ ಇವೆ. ಟಿಎಜಿಗೆ ‘ಆಂಬರ್’ ಎಂದು ಕರೆಯುವುದು ಅದರ ಬಣ್ಣ ನೋಡಿ ಅಲ್ಲ. ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಆ ಪ್ರಯೋಗಗಳ ಕಾಲಕ್ಕೆ ಬರ್ನ್‌ಸ್ಟೈನ್ ಎಂಬ ವಿದ್ಯಾರ್ಥಿ ಇದ್ದ. ಜರ್ಮನ್ ಭಾಷೆಯಲ್ಲಿ ಆ ಹೆಸರಿಗೆ ಆಂಬರ್, ಅಂದರೆ ಹಳದಿ ರಾಳದ ಕಲ್ಲು ಎಂದು ಅರ್ಥ. ಗೆಳೆಯರು ಅವನ ಹೆಸರನ್ನೇ ಇಂಗ್ಲಿಷಿಗೆ ತಿರುಗಿಸಿ ಇಟ್ಟರು. ಒಂದಕ್ಕೆ ಬಣ್ಣದ ಹೆಸರು ಬಿದ್ದ ಮೇಲೆ ಉಳಿದವನ್ನು ಬಿಡಲಾದೀತೆ? ಟಿಎಎಗೆ ‘ಓಕರ್’, ಅಂದರೆ ಕಾವಿಮಣ್ಣು ಎಂದೂ, ಟಿಜಿಎಗೆ ‘ಓಪಲ್’ ಎಂಬ ರತ್ನದ ಹೆಸರನ್ನೂ ಇಟ್ಟು ಮುಗಿಸಿದರು.

ಓದುವ ಚೌಕಟ್ಟು ಎಂದರೇನು ಎಂಬುದಕ್ಕೆ ಒಂದು ಕಾಗದ, ಪೆನ್ಸಿಲು ಸಾಕು. ‘ಸರಳಮನೆಗೆಮರಳಿಬಂದಳು’ ಎಂದು ತೆರಪಿಲ್ಲದೆ ಬರೆದು ಮೂರು ಮೂರು ಅಕ್ಷರಕ್ಕೆ ಗೆರೆ ಎಳೆಯಿರಿ. ಸರಳ, ಮನೆಗೆ, ಮರಳಿ, ಬಂದಳು. ಸರಳಾ ಕ್ಷೇಮವಾಗಿ ಮನೆ ಸೇರಿದಳು. ಈಗ ಮೊದಲ ಅಕ್ಷರವನ್ನು ಬಿಟ್ಟು ಎರಡನೆಯದರಿಂದ ಗೆರೆ ಎಳೆಯಿರಿ: ರಳಮ, ನೆಗೆಮ, ರಳಿಬಂ, ದಳು. ಎರಡಕ್ಷರ ಬಿಟ್ಟರೆ ಳಮನೆ, ಗೆಮರ, ಳಿಬಂದ, ಳು. ನಡುನಡುವೆ ‘ಮನೆ’, ‘ಮರ’, ‘ಬಂದ’ ಎಂದು ಅರ್ಥದ ಚೂರುಗಳು ಇಣುಕುತ್ತವೆಯೇ ಹೊರತು ವಾಕ್ಯ ದಕ್ಕುವುದಿಲ್ಲ. ಮೂರಕ್ಷರ ಬಿಟ್ಟರೆ ಮತ್ತೆ ಮೊದಲಿನ ಚೌಕಟ್ಟೇ. ಹೀಗೆ ಒಂದು ಎಳೆಯನ್ನು ಮೂರು ರೀತಿಯಲ್ಲಿ ಓದಬಹುದು. ಡಿ.ಎನ್.ಎ.ಗೆ ಹೆಣೆದುಕೊಂಡ ಎರಡು ಎಳೆಗಳಿದ್ದು ಎರಡನೆಯದನ್ನು ಹಿಮ್ಮುಖವಾಗಿ ಓದಬೇಕಾದ್ದರಿಂದ ಅಲ್ಲಿ ಇನ್ನೂ ಮೂರು. ಒಟ್ಟು ಆರು ಓದುಗಳು. ಯಾವುದು ಜೀವಕೋಶದ ನಿಜವಾದ ಓದು ಎಂಬುದು ಪ್ರಶ್ನೆ.

ಈ ಮೂರರ ಲೆಕ್ಕವನ್ನು ಕೇಂಬ್ರಿಜ್‌ನಲ್ಲಿ ಫ್ರಾನ್ಸಿಸ್ ಕ್ರಿಕ್, ಸಿಡ್ನಿ ಬ್ರೆನರ್ ಮತ್ತು ಸಂಗಡಿಗರು 1961ರಲ್ಲಿ ತೋರಿಸಿಕೊಟ್ಟ ಬಗೆ ಸೊಗಸಾದದ್ದು. ಆಗ ಡಿ.ಎನ್.ಎ.ಯ ಒಂದಕ್ಷರವನ್ನೂ ಯಾರೂ ಓದುವಂತಿರಲಿಲ್ಲ. ಅವರು ಬ್ಯಾಕ್ಟೀರಿಯಾಗಳಿಗೆ ತಗಲುವ ಒಂದು ವೈರಸ್ಸನ್ನು ಹಿಡಿದು, ಅದರ ಒಂದು ವಂಶವಾಹಿಯೊಳಕ್ಕೆ ಒಂದು ಅಕ್ಷರ ಹೆಚ್ಚಾಗಿ ಸೇರುವಂತೆ ಮಾಡಿದರು. ವಂಶವಾಹಿ ಕೆಟ್ಟಿತು. ಎರಡು ಸೇರಿಸಿದರೂ ಕೆಟ್ಟಿತು. ಹತ್ತಿರ ಹತ್ತಿರದಲ್ಲಿ ಮೂರು ಸೇರಿದಾಗ ಮಾತ್ರ ಕೆಲಸ ಮತ್ತೆ ನಡೆಯತೊಡಗಿತು. ನಡುವೆ ನಾಲ್ಕಾರು ಪದ ಕೆಟ್ಟರೂ ಮೂರನೆಯ ಅಕ್ಷರದ ನಂತರ ಗೆರೆಗಳು ಸರಿಯಾದ ಜಾಗಕ್ಕೆ ಬಂದುಬಿಡುತ್ತವೆ. ಎಲ್ಲವೂ ತಟ್ಟೆಯ ಮೇಲೆ ವೈರಸ್ ಮಾಡಿದ ಕಲೆಗಳನ್ನು ನೋಡಿ ಹಾಕಿದ ಲೆಕ್ಕ.

ಪಂಜಾಬಿನ ರಾಯ್‌ಪುರವೆಂಬ ಕುಗ್ರಾಮದಲ್ಲಿ, ಇಲ್ಲಿನ ಶಾನುಭೋಗರಂತೆ ಹಳ್ಳಿಯ ಕಂದಾಯದ ಲೆಕ್ಕ ಬರೆಯುತ್ತಿದ್ದವರ ಮಗನಾಗಿ ಹುಟ್ಟಿದ ಹರಗೋಬಿಂದ ಖೊರಾನಾ ಇದನ್ನು ರಸಾಯನ ವಿಜ್ಞಾನದ ಮೂಲಕ ಖಚಿತಪಡಿಸಿದರು. ಅಮೆರಿಕದ ತಮ್ಮ ಪ್ರಯೋಗಾಲಯದಲ್ಲಿ ಅವರು ಎಎಜಿ ಎಂಬ ಮೂರಕ್ಷರವನ್ನು ಮತ್ತೆ ಮತ್ತೆ ಪೋಣಿಸಿದ ಉದ್ದನೆಯ ಎಳೆಯನ್ನು ತಯಾರಿಸಿ ಜೀವಕೋಶದ ಸಾರಕ್ಕೆ ಹಾಕಿದರು. ಒಂದು ಎಳೆಯಿಂದ ಒಂದು ಬಗೆಯ ಸರಪಳಿ ಬರಬೇಕಿತ್ತಲ್ಲವೆ? ಬಂದದ್ದು ಮೂರು ಬಗೆಯದು. ಎಎಜಿ ಎಂದು ಓದಿದಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲದ ಸರಪಳಿ, ಎಜಿಎ ಎಂದು ಓದಿದಲ್ಲಿ ಆರ್ಜಿನೀನ್ ಸರಪಳಿ, ಜಿಎಎ ಎಂದು ಓದಿದಲ್ಲಿ ಗ್ಲುಟಾಮಿಕ್ ಆಮ್ಲದ ಸರಪಳಿ. ಶ್ರೀಕಾರವಿಲ್ಲದ ಎಳೆಯಾದ್ದರಿಂದ ಓದು ಎಲ್ಲಿ ಬೇಕಾದರೂ ತೊಡಗಿತ್ತು. ಖೊರಾನಾ ಅವರಿಗೆ 1968ರಲ್ಲಿ ಇನ್ನಿಬ್ಬರೊಂದಿಗೆ ನೊಬೆಲ್ ಪ್ರಶಸ್ತಿ ಬಂತು.

ಒಂದಕ್ಷರದ ಸರಿತಕ್ಕೆ ಮನುಷ್ಯರು ತೆರುವ ಬೆಲೆ ಎಷ್ಟು ಎಂಬುದನ್ನು ನೋಡಲು ಭಾರತದ ಆಸ್ಪತ್ರೆಗಳಿಗೇ ಹೋಗಬಹುದು. ಬೀಟಾ ತಲಸ್ಸೀಮಿಯಾ ಎಂಬ ರಕ್ತಹೀನತೆಗೆ ಇಲ್ಲಿ ಹೆಚ್ಚಾಗಿ ಕಾಣುವ ಕಾರಣಗಳಲ್ಲೊಂದು, ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ ಸೂಚನೆಯಲ್ಲಿ ಎಂಟನೆಯ ಮತ್ತು ಒಂಬತ್ತನೆಯ ಪದಗಳ ನಡುವೆ ಒಂದು ‘ಜಿ’ ಹೆಚ್ಚಾಗಿ ಸೇರಿಕೊಂಡಿರುವುದು. ಅಲ್ಲಿಂದ ಮುಂದೆ ಗೆರೆಗಳೆಲ್ಲ ಒಂದಕ್ಷರ ಸರಿಯುತ್ತವೆ. ಸರಿಯಾದ ಓದಿನಲ್ಲಿ ಜಿಎಟಿ, ಜಿಎಎ ಎಂದು ಅಕ್ಕಪಕ್ಕದ ಎರಡು ಪದಗಳಲ್ಲಿ ಹಂಚಿಹೋಗಿ ಯಾರ ತಂಟೆಗೂ ಹೋಗದಿದ್ದ ಟಿ, ಜಿ, ಎ ಅಕ್ಷರಗಳು ಈಗ ಒಟ್ಟಾಗಿ 22ನೆಯ ಪದವಾಗಿ ನಿಲ್ಲುತ್ತವೆ. ಟಿಜಿಎ ಎಂದರೆ ಪೂರ್ಣವಿರಾಮ. 146 ಮಣಿಗಳ ಸರ 21ಕ್ಕೇ ಹರಿಯಿತು. ತಂದೆ ತಾಯಿ ಇಬ್ಬರಿಂದಲೂ ಇಂಥ ಕೆಟ್ಟ ಪ್ರತಿಯನ್ನೇ ಪಡೆದ ಮಗು ಎರಡು ನಾಲ್ಕು ವಾರಗಳಿಗೊಮ್ಮೆ ಬೇರೆಯವರ ರಕ್ತ ಏರಿಸಿಕೊಂಡು ಬದುಕಬೇಕಾಗುತ್ತದೆ. ಆ ತಾಯಿಗೆ ಚೌಕಟ್ಟು, ಕೋಡಾನ್ ಇತ್ಯಾದಿ ಹೆಸರುಗಳು ಗೊತ್ತಿಲ್ಲದಿರಬಹುದು. ಅದರ ಅರ್ಥ ಮಾತ್ರ ತಿಂಗಳು ತಿಂಗಳೂ ಗೊತ್ತಾಗುತ್ತದೆ.

ಇಲ್ಲಿಯವರೆಗಿನದು ಗೊತ್ತಿರುವ ಸೂಚನೆಯನ್ನು ಓದುವ ಮಾತು. ಗೊತ್ತಿಲ್ಲದ್ದನ್ನು ಹುಡುಕುವುದು ಹೇಗೆ? ಇನ್ಸುಲಿನ್‌ನ 51 ಅಮೈನೋ ಆಮ್ಲಗಳ ಕ್ರಮವನ್ನು ಬಿಡಿಸಿ ಒಮ್ಮೆ ನೊಬೆಲ್ ಪಡೆದಿದ್ದ ಫ್ರೆಡರಿಕ್ ಸ್ಯಾಂಗರ್ 1970ರ ದಶಕದಲ್ಲಿ ಡಿ.ಎನ್.ಎ. ಅಕ್ಷರಗಳನ್ನು ಓದುವ ವಿಧಾನ ಕಂಡುಹಿಡಿದು ಎರಡನೆಯ ನೊಬೆಲ್ಲಿಗೂ ಪಾತ್ರರಾದರು. ಅಂದಿನಿಂದ ಅಕ್ಷರಗಳು ರಾಶಿ ರಾಶಿಯಾಗಿ ಬರತೊಡಗಿದವು. ಅರ್ಥವಾಗದ ಈ ರಾಶಿಯ ಮುಂದೆ ಕೂತವರಿಗೆ ನೆರವಾದದ್ದು ಒಂದು ಸುಲಭದ ಗಣಿತ. 64 ಪದಗಳಲ್ಲಿ ಮೂರು ಪೂರ್ಣವಿರಾಮಗಳು. ಅಕ್ಷರಗಳನ್ನು ಕಣ್ಣುಮುಚ್ಚಿ ಚೆಲ್ಲಿದರೆ ಸರಾಸರಿ 21 ಪದಗಳಿಗೊಮ್ಮೆ ಪೂರ್ಣವಿರಾಮ ಎಡವಬೇಕು. ನೂರು ಪದಗಳವರೆಗೆ ಎಡವದೆ ನಡೆಯುವ ಸಂಭವ ನೂರಕ್ಕೆ ಒಂದಕ್ಕಿಂತ ಕಡಿಮೆ. ಮುನ್ನೂರರವರೆಗೆ ನಡೆಯುವ ಸಂಭವ ಹತ್ತು ಲಕ್ಷಕ್ಕೆ ಒಂದಕ್ಕಿಂತಲೂ ಕಡಿಮೆ. ಕಾಡಿನ ನಡುವೆ ಮೈಲುಗಟ್ಟಲೆ ಮುಳ್ಳಿಲ್ಲದ ಹಾದಿ ಕಂಡರೆ ಯಾರೋ ಓಡಾಡುತ್ತಾರೆಂದು ತಿಳಿಯುವುದು ಹೇಗೋ ಹಾಗೆ, ಅಷ್ಟುದ್ದದ ತೆರೆದ ಓದು ಕಂಡರೆ ಅಲ್ಲೊಂದು ವಂಶವಾಹಿ ಇದೆಯೆಂದು ಊಹಿಸಬಹುದು. ಎಟಿಜಿಯಿಂದ ತೊಡಗಿ, ಆರೂ ಚೌಕಟ್ಟುಗಳಲ್ಲಿ ನಡೆದು, ಉದ್ದನೆಯ ಓದುಗಳನ್ನು ಪಟ್ಟಿ ಮಾಡು ಎಂದು ಗಣಕಯಂತ್ರಕ್ಕೆ ಹೇಳಿದರಾಯಿತು.

ಆದರೆ ಎಷ್ಟುದ್ದ ಇದ್ದರೆ ‘ಉದ್ದ’? ಎಲ್ಲಾದರೂ ಒಂದು ಗೆರೆ ಎಳೆಯಬೇಕು. ಬ್ರೆಡ್ಡು ಉಬ್ಬಿಸುವ ಯೀಸ್ಟ್‌ನ ಮೂರನೆಯ ವರ್ಣತಂತುವನ್ನು ಯೂರೋಪಿನ 35 ಪ್ರಯೋಗಾಲಯಗಳು ಸೇರಿ ಓದಿ 1992ರಲ್ಲಿ ಪ್ರಕಟಿಸಿದಾಗ ಗೆರೆ ಬಿದ್ದದ್ದು ನೂರಕ್ಕೆ. ಮೂರು ಲಕ್ಷ ಹದಿನೈದು ಸಾವಿರ ಅಕ್ಷರಗಳಲ್ಲಿ ನೂರಕ್ಕಿಂತ ಹೆಚ್ಚು ಅಮೈನೋ ಆಮ್ಲಗಳ 182 ತೆರೆದ ಓದುಗಳು ಸಿಕ್ಕವು. ಯೀಸ್ಟ್‌ನ 16 ವರ್ಣತಂತುಗಳೂ ಮುಗಿದು 1996ರಲ್ಲಿ ಒಟ್ಟು ಲೆಕ್ಕ ಬಂದಾಗ ವಂಶವಾಹಿಗಳ ಸಂಖ್ಯೆ 5,885 ಎಂದಾಯಿತು. ನೂರು ಎಂಬುದು ಪ್ರಕೃತಿ ಹೇಳಿದ ಸಂಖ್ಯೆಯಲ್ಲ. ಮನುಷ್ಯರಿಗೆ ನೆನಪಿಡಲು ಸುಲಭವಾದ ಸಂಖ್ಯೆ. ಹಾಗೆಂದು ಅದು ಮೂರ್ಖರ ನಿಯಮವೂ ಅಲ್ಲ. ಗೆರೆಯನ್ನು ಇಪ್ಪತ್ತಕ್ಕೋ ಮೂವತ್ತಕ್ಕೋ ಇಳಿಸಿದ್ದರೆ ಆಕಸ್ಮಿಕವಾಗಿ ಮೂಡಿದ ಲಕ್ಷಾಂತರ ಪುಟ್ಟ ಓದುಗಳ ಕಸದಲ್ಲಿ ನಿಜವಾದವು ಹೂತುಹೋಗುತ್ತಿದ್ದವು.

ಅಕ್ಕಿಯನ್ನು ಜರಡಿ ಹಿಡಿದಾಗ ಇಡಿಗಾಳು ಮೇಲೆ ನಿಲ್ಲುತ್ತದೆ, ನುಚ್ಚು ಧೂಳಿನೊಂದಿಗೆ ಕೆಳಗೆ ಬೀಳುತ್ತದೆ. ಮನೆ ನಡೆಸುವ ಹೆಂಗಸರು ಜರಡಿಯ ಕೆಳಗಿನದನ್ನು ತಿಪ್ಪೆಗೆ ಸುರಿಯುವುದಿಲ್ಲ. ಕೇರಿ, ಆರಿಸಿ, ಗಂಜಿಗೆಂದು ತೆಗೆದಿಡುತ್ತಾರೆ. ವಂಶವಾಹಿಗಳ ಜರಡಿ ಹಿಡಿದವರು ಮಾತ್ರ ಬಹುಕಾಲ ಮೇಲಿನದನ್ನಷ್ಟೇ ಎಣಿಸಿದರು. ಬರಬರುತ್ತಾ ‘ನೂರಕ್ಕಿಂತ ಚಿಕ್ಕದನ್ನು ಹುಡುಕುವುದು ಕಷ್ಟ’ ಎಂಬ ಮಾತು ‘ನೂರಕ್ಕಿಂತ ಚಿಕ್ಕದು ವಂಶವಾಹಿಯಲ್ಲ’ ಎಂಬ ನಂಬಿಕೆಯಾಗಿ ಗಟ್ಟಿಯಾಯಿತು. ಡಿ.ಎನ್.ಎ.ಯಿಂದ ನಕಲಾದ ಉದ್ದನೆಯ ಆರ್.ಎನ್.ಎ. ಎಳೆಯೊಂದರಲ್ಲಿ ನೂರು ಪದಗಳ ತೆರೆದ ಓದು ಕಾಣದಿದ್ದರೆ ಅದಕ್ಕೆ ‘ಪ್ರೋಟೀನು ಸೂಚಿಸದ ಆರ್.ಎನ್.ಎ.’ ಎಂಬ ಚೀಟಿ ಅಂಟುತ್ತಿತ್ತು. ಚೀಟಿ ಅಂಟಿದ ಮೇಲೆ ಅದರೊಳಗೆ ಪ್ರೋಟೀನು ಹುಡುಕುವವರು ಯಾರು? ಮನುಷ್ಯನ ಇನ್ಸುಲಿನ್ ಮೊದಲಿಗೆ 110 ಅಮೈನೋ ಆಮ್ಲಗಳ ಸರಪಳಿಯಾಗಿ ತಯಾರಾಗಿ, ಆಮೇಲೆ ಕತ್ತರಿಸಿಕೊಂಡು 51 ಆಗುತ್ತದೆ. ಅಷ್ಟು ದೊಡ್ಡ ಹೆಸರಿನ ಇನ್ಸುಲಿನ್ನೇ ಈ ಗೆರೆಯನ್ನು ಹತ್ತರ ಅಂತರದಲ್ಲಿ ದಾಟಿತ್ತೆಂದರೆ ಉಳಿದವುಗಳ ಪಾಡು ಊಹಿಸಬಹುದು.

ಎಚ್ಚರಿಕೆಯ ಸೂಚನೆ ಮೊದಲೇ ಇತ್ತು. ಫೈ ಎಕ್ಸ್ 174 ಎಂಬ ಪುಟ್ಟ ವೈರಸ್ ತನ್ನ 5,386 ಅಕ್ಷರಗಳಲ್ಲಿ ಹಿಡಿಸಲಾರದಷ್ಟು ಪ್ರೋಟೀನುಗಳನ್ನು ತಯಾರಿಸುತ್ತಿತ್ತು. ಗುಟ್ಟು 1976ರಲ್ಲಿ ಸ್ಯಾಂಗರ್ ಅವರ ಪ್ರಯೋಗಾಲಯದಲ್ಲೇ ರಟ್ಟಾಯಿತು. ವೈರಸ್ಸಿನ ‘ಡಿ’ ಎಂಬ ವಂಶವಾಹಿಯ ಹೊಟ್ಟೆಯೊಳಗೆ, ಬೇರೊಂದು ಚೌಕಟ್ಟಿನಲ್ಲಿ, ‘ಇ’ ಎಂಬ ಇನ್ನೊಂದು ಪೂರ್ಣ ವಂಶವಾಹಿ ಕೂತಿತ್ತು. ಒಂದೇ ಸಾಲು, ಎರಡು ಓದು, ಎರಡಕ್ಕೂ ಅರ್ಥ. ಒಂದು ಓದು ವೈರಸ್ಸಿನ ಕವಚ ಕಟ್ಟಲು ನೆರವಾದರೆ, ಇನ್ನೊಂದು ಬ್ಯಾಕ್ಟೀರಿಯಾವನ್ನು ಒಡೆದು ಮರಿ ವೈರಸ್ಸುಗಳನ್ನು ಹೊರಕ್ಕೆ ಬಿಡುತ್ತದೆ. ಹಳೆಯ ಕವಿಗಳು ಶ್ಲೇಷೆಯಲ್ಲಿ ಎರಡು ಕಥೆ ಹೇಳುತ್ತಿದ್ದುದನ್ನು ಬಲ್ಲವರಿಗೆ ಇದು ತೀರ ಹೊಸದೆನಿಸಲಾರದು. ಗಮನಿಸಬೇಕಾದ್ದೆಂದರೆ ‘ಇ’ ಪ್ರೋಟೀನಿನ ಉದ್ದ 91 ಅಮೈನೋ ಆಮ್ಲಗಳು. ನೂರರ ಜರಡಿಯಲ್ಲಿ ಇದು ನಿಲ್ಲುತ್ತಿರಲಿಲ್ಲ.

ಮುಂದಿನ ಪಾಠ ಬಂದದ್ದು ಹುಳುಗಳಿಂದ. ಬಾಳೆಹಣ್ಣಿನ ಮೇಲೆ ಮುತ್ತುವ ಹಣ್ಣುನೊಣದ ಮರಿಹುಳುವಿನ ಹೊಟ್ಟೆಯ ಮೇಲೆ ಸಾಲು ಸಾಲಾಗಿ ಸೂಕ್ಷ್ಮವಾದ ಮುಳ್ಳುಗಳಿರುತ್ತವೆ. ತೆವಳುವಾಗ ನೆಲವನ್ನು ಕಚ್ಚಿ ಹಿಡಿಯಲು ಅವು ಬೇಕು. ಒಂದು ನಿರ್ದಿಷ್ಟ ಆರ್.ಎನ್.ಎ. ಇಲ್ಲವಾದ ಭ್ರೂಣಗಳಲ್ಲಿ ಈ ಮುಳ್ಳುಗಳೇ ಮೂಡದೆ ಮೈ ನುಣ್ಣಗಾಗಿಬಿಡುತ್ತದೆ. ಅದನ್ನು ನೋಡಿದ ಜಪಾನಿನ ಸಂಶೋಧಕರಿಗೆ ನೆನಪಾದದ್ದು ಊಟದ ಅಕ್ಕಿ. ಆ ವಂಶವಾಹಿಗೆ ‘ಪಾಲಿಶ್ಡ್ ರೈಸ್’, ಅಂದರೆ ಪಾಲಿಶ್ ಮಾಡಿದ ಅಕ್ಕಿ ಎಂದೇ ಹೆಸರಿಟ್ಟರು. ಕಾಲಿನ ತುದಿಯ ಗೆಣ್ಣುಗಳು ಬೆಳೆಯದ ನೊಣಗಳಲ್ಲಿ ಇದೇ ವಂಶವಾಹಿಯನ್ನು ಕಂಡ ಇನ್ನೊಂದು ತಂಡ ‘ಟಾರ್ಸಲ್‌ಲೆಸ್’ ಎಂದಿತು. ಹಿಟ್ಟಿನಲ್ಲಿ ಸೇರಿಕೊಳ್ಳುವ ಕೆಂಪು ಹುಳುವಿನಲ್ಲಿ ಅದು ಕೆಟ್ಟರೆ ಹೊಟ್ಟೆಯ ಭಾಗದಲ್ಲೂ ಕಾಲುಗಳು ಮೂಡುತ್ತಿದ್ದುದರಿಂದ, ಜರ್ಮನಿಯ ತಂಡ ಸಾವಿರ ಕಾಲು ಎಂಬರ್ಥದ ಫ್ರೆಂಚ್ ಹೆಸರಿಟ್ಟು 2006ರಲ್ಲಿ ವರದಿ ಮಾಡಿತ್ತು.

ನೊಣದ ಈ ಆರ್.ಎನ್.ಎ.ಗೆ ‘ಪ್ರೋಟೀನು ಸೂಚಿಸದ’ ಎಂಬ ಚೀಟಿ ಅಂಟಿತ್ತು. ಒಂದೂವರೆ ಸಾವಿರ ಅಕ್ಷರಗಳಷ್ಟು ಉದ್ದವಿದ್ದರೂ ಅದರಲ್ಲಿ ಹೇಳಿಕೊಳ್ಳುವಂಥ ತೆರೆದ ಓದು ಇರಲಿಲ್ಲ. ಇದ್ದವು 11 ಅಮೈನೋ ಆಮ್ಲಗಳ ಕೆಲವು ಪುಟಾಣಿ ಓದುಗಳು, 32ರ ಒಂದು. ಹನ್ನೊಂದು ಪದಗಳವರೆಗೆ ಪೂರ್ಣವಿರಾಮ ಎಡವದೆ ಹೋಗುವುದು ಆಕಸ್ಮಿಕವಾಗಿಯೇ ಹತ್ತರಲ್ಲಿ ಸುಮಾರು ಆರು ಸಲ ನಡೆಯುವ ಸಂಗತಿ. ಯಾವ ಗಣಿತಜ್ಞನೂ ಅದನ್ನು ಸಾಕ್ಷಿಯೆಂದು ಒಪ್ಪಲಾರ. ಆದರೂ 2007ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ತೋರಿಸಿದ್ದೇನೆಂದರೆ, ಕೆಲಸ ಮಾಡುತ್ತಿದ್ದವು ಈ ಪುಟಾಣಿಗಳೇ. ಆರ್.ಎನ್.ಎ. ಎಳೆಯನ್ನು ಹಾಗೇ ಬಿಟ್ಟು ಪುಟ್ಟ ಓದುಗಳ ಚೌಕಟ್ಟನ್ನು ಮಾತ್ರ ಸರಿಸಿ ಕೆಡಿಸಿದರೆ ಕೆಲಸ ನಿಂತುಹೋಗುತ್ತಿತ್ತು. ಕ್ರಿಕ್ ಮತ್ತು ಬ್ರೆನರ್ ಅವರ ಹಳೆಯ ಉಪಾಯವೇ ಇಲ್ಲೂ ತೀರ್ಪು ಹೇಳಿತು. ಈ ಪುಟಾಣಿ ಸರಪಳಿಗಳು ಇನ್ನೊಂದು ದೊಡ್ಡ ಪ್ರೋಟೀನಿನ ಒಂದು ಭಾಗ ಕತ್ತರಿಸಿಹೋಗುವಂತೆ ಮಾಡಿ, ಅಲ್ಲಿಯವರೆಗೆ ಬಾಗಿಲು ಮುಚ್ಚುತ್ತಿದ್ದ ಅದು ಬಾಗಿಲು ತೆರೆಯುವಂತೆ ಮಾಡುತ್ತವೆ ಎಂಬುದು 2010ರಲ್ಲಿ ತಿಳಿಯಿತು.

ಹುಳುವಿನ ಮಾತು ಹುಳುವಿಗೆ ಎನ್ನುವವರು ಮೀನಿನ ಕಡೆ ನೋಡಬಹುದು. ಜೀಬ್ರಾಮೀನಿನ ಭ್ರೂಣದಲ್ಲಿ 58 ಅಮೈನೋ ಆಮ್ಲಗಳ ಒಂದು ಪ್ರೋಟೀನು ಇಲ್ಲವಾದರೆ ಹೃದಯವೇ ಸರಿಯಾಗಿ ರೂಪುಗೊಳ್ಳುವುದಿಲ್ಲ. ಸಿಂಗಪುರದ ತಂಡ 2013ರಲ್ಲಿ, ಅಮೆರಿಕದ ತಂಡ 2014ರಲ್ಲಿ ಇದನ್ನು ವರದಿ ಮಾಡಿದವು. ಇದೂ ಪ್ರೋಟೀನು ಸೂಚಿಸದ ಆರ್.ಎನ್.ಎ. ಎಂಬ ಕಪಾಟಿನಲ್ಲಿ ಕೂತಿದ್ದದ್ದೇ. ಮನುಷ್ಯರಲ್ಲೂ ಅದರ ಸಂಬಂಧಿಯಿದೆ. ಇನ್ನು 2015ರಲ್ಲಿ ಡಲ್ಲಾಸ್‌ನ ಸಂಶೋಧಕರು ಸ್ನಾಯುಗಳಲ್ಲಿ 46 ಅಮೈನೋ ಆಮ್ಲಗಳ ಒಂದು ಪ್ರೋಟೀನನ್ನು ಕಂಡರು. ಸ್ನಾಯು ಬಿಗಿದು ಸಡಿಲವಾಗಲು ಬೇಕಾದ ಕ್ಯಾಲ್ಸಿಯಂ ಪಂಪಿಗೆ ಅದು ಕಡಿವಾಣ. ಅದಿಲ್ಲದ ಇಲಿಗಳು ಉಳಿದವಕ್ಕಿಂತ ಹೆಚ್ಚು ದೂರ ಓಡಿದವು. ಮರುವರ್ಷ ಅದೇ ಪಂಪನ್ನು ಚುರುಕುಗೊಳಿಸುವ 34ರ ಇನ್ನೊಂದು ಸಿಕ್ಕಿತು. ಹೃದಯ, ಸ್ನಾಯು, ಓಟ: ಇವು ಯಾವುವೂ ಮೂಲೆಯ ವಿಷಯಗಳಲ್ಲ.

ಉದ್ದ ನೋಡಿ ಗುರುತಿಸಲಾಗದ ಇಂಥವುಗಳನ್ನು ಹುಡುಕಲು ಬೇರೆ ದಾರಿಯೇ ಬೇಕಾಯಿತು. ಗ್ರಂಥವನ್ನು ದಿಟ್ಟಿಸುವುದನ್ನು ಬಿಟ್ಟು, ಅದನ್ನು ಓದುತ್ತಿರುವವನನ್ನೇ ಗಮನಿಸುವ ದಾರಿ ಅದು. ಜೀವಕೋಶದಲ್ಲಿ ಈ ಓದುವ ಕೆಲಸ ರೈಬೋಸೋಮಿನದು. ಚಿದಂಬರದಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಅವರು ಇದರ ರಚನೆಯನ್ನು ಬಿಡಿಸಿ 2009ರ ನೊಬೆಲ್ ಹಂಚಿಕೊಂಡರು. ಅದೇ ವರ್ಷ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ನಿಕೊಲಸ್ ಇಂಗೋಲಿಯಾ, ಜೊನಾಥನ್ ವೈಸ್‌ಮನ್ ಮತ್ತು ಸಂಗಡಿಗರು ಒಂದು ಉಪಾಯ ಪ್ರಕಟಿಸಿದರು. ಓದುತ್ತಿರುವ ರೈಬೋಸೋಮುಗಳನ್ನು ಇದ್ದಲ್ಲೇ ತಡೆದು ನಿಲ್ಲಿಸಿ, ಹೊರಗೆ ಚಾಚಿದ ಆರ್.ಎನ್.ಎ.ಯನ್ನೆಲ್ಲ ಕತ್ತರಿಸಿಹಾಕಿದರೆ, ಪ್ರತಿ ರೈಬೋಸೋಮು ತನ್ನ ಅಡಿಯಲ್ಲಿ ಹಿಡಿದುಕೊಂಡ 28, 30 ಅಕ್ಷರಗಳ ತುಂಡು ಮಾತ್ರ ಉಳಿಯುತ್ತದೆ. ಆ ತುಂಡುಗಳನ್ನು ಓದಿ ಎಲ್ಲೆಲ್ಲಿಯವು ಎಂದು ಹೊಂದಿಸಿದರೆ ಕೆಸರಿನಲ್ಲಿ ಮೂಡಿದ ಹೆಜ್ಜೆಗುರುತುಗಳಂತೆ ಓದಿನ ಹಾದಿ ಕಾಣುತ್ತದೆ. ಹೆಜ್ಜೆಗಳ ನಡುವಿನ ಅಂತರ ಮೂರು ಮೂರು ಅಕ್ಷರ. ಹಾಗಾಗಿ ಯಾವ ಚೌಕಟ್ಟಿನಲ್ಲಿ ನಡೆಯಿತೆಂಬುದೂ ಗೊತ್ತಾಗುತ್ತದೆ.

ಹೆಜ್ಜೆಗಳು ಕಂಡದ್ದು ಯಾರೂ ನಿರೀಕ್ಷಿಸದ ಕಡೆಗಳಲ್ಲಿ. ದೊಡ್ಡ ಓದು ತೊಡಗುವ ಮುಂಚಿನ ಪೀಠಿಕೆಯಲ್ಲಿ, ದೊಡ್ಡದರ ಹೊಟ್ಟೆಯೊಳಗೆ ಬೇರೆ ಚೌಕಟ್ಟಿನಲ್ಲಿ, ಪ್ರೋಟೀನು ಸೂಚಿಸದೆಂದು ಬದಿಗಿಟ್ಟ ಎಳೆಗಳ ಮೇಲೆ. ಮನುಷ್ಯರ ವಂಶವಾಹಿಗಳ ಪಟ್ಟಿಯನ್ನು ನೋಡಿಕೊಳ್ಳುವ ಅಂತರರಾಷ್ಟ್ರೀಯ ತಂಡಗಳು ಸೇರಿ 2022ರಲ್ಲಿ ಹೀಗೆ ಹೆಜ್ಜೆಗುರುತು ಕಂಡ 7,264 ತೆರೆದ ಓದುಗಳ ಒಂದು ಪಟ್ಟಿ ಹೊರತಂದವು. ಅಧಿಕೃತ ಪಟ್ಟಿಯಲ್ಲಿರುವ ಪ್ರೋಟೀನು ವಂಶವಾಹಿಗಳು ಸುಮಾರು 20,000 ಎಂಬುದನ್ನು ನೆನೆದರೆ ಇದು ಸಣ್ಣ ಸಂಖ್ಯೆಯಲ್ಲ.

ಹಾಗೆಂದು ಎಲ್ಲವನ್ನೂ ಮುತ್ತೆಂದು ಕಣ್ಣಿಗೊತ್ತಿಕೊಳ್ಳಬೇಕಾಗಿಯೂ ಇಲ್ಲ. ರೈಬೋಸೋಮು ಹಾದುಹೋಯಿತೆಂದರೆ ಓದು ನಡೆಯಿತೆಂದಷ್ಟೇ ಅರ್ಥ. ತಯಾರಾದ ಸರಪಳಿ ಉಪಯೋಗಕ್ಕೆ ಬಂತೋ, ಅಥವಾ ಹುಟ್ಟಿದೊಡನೆ ಕೊಳೆತುಹೋಯಿತೋ ಎಂಬುದು ಬೇರೆ ಪ್ರಶ್ನೆ. ಕೆಲವು ಕಡೆ ಓದುವ ಕ್ರಿಯೆಯೇ ಮುಖ್ಯ, ಸರಪಳಿ ಮುಖ್ಯವಲ್ಲ. ಪೀಠಿಕೆಯಲ್ಲಿ ರೈಬೋಸೋಮನ್ನು ತಡೆದು ಮುಂದಿನ ದೊಡ್ಡ ಓದಿನ ಪ್ರಮಾಣವನ್ನು ಹತೋಟಿಯಲ್ಲಿಡುವುದಷ್ಟೇ ಅದರ ಕೆಲಸ. ಜರಡಿ ಇನ್ನೊಂದು ಬಗೆಯಲ್ಲೂ ಮೋಸ ಮಾಡಿತ್ತು. ಯೀಸ್ಟ್ ಮತ್ತು ಅದರ ಮೂರು ಹತ್ತಿರದ ಬಂಧುಗಳ ಡಿ.ಎನ್.ಎ.ಗಳನ್ನು 2003ರಲ್ಲಿ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ನೂರರ ಗೆರೆ ದಾಟಿ ವಂಶವಾಹಿ ಎನಿಸಿಕೊಂಡಿದ್ದ ಸುಮಾರು 500 ಓದುಗಳು ಬಂಧುಗಳಲ್ಲಿ ಚೌಕಟ್ಟು ಕೆಟ್ಟು ಚೂರಾಗಿದ್ದವು. ಬಂಧುಗಳಾರೂ ಕಾಪಾಡಿಕೊಳ್ಳದ ಆಸ್ತಿ ಬೆಲೆಯುಳ್ಳದ್ದಾಗಿರಲಾರದು ಎಂದು ಅವುಗಳನ್ನು ಕೈಬಿಡಲು ಸೂಚಿಸಲಾಯಿತು. ಜರಡಿಯ ಮೇಲೆ ನಿಂತವುಗಳಲ್ಲಿ ಕಲ್ಲೂ ಇತ್ತು. ಕೆಳಗೆ ಬಿದ್ದವುಗಳಲ್ಲಿ ಅಕ್ಕಿಯೂ ಇತ್ತು.

ಈ ಲೆಕ್ಕ ಈಗ ಆಸ್ಪತ್ರೆಯ ಬಾಗಿಲಿಗೆ ಬಂದು ನಿಂತಿದೆ. ಕಾರಣ ತಿಳಿಯದ ಕಾಯಿಲೆಯೊಂದಿಗೆ ಹುಟ್ಟಿದ ಮಗುವಿನ ರಕ್ತವನ್ನು ವಂಶವಾಹಿ ಪರೀಕ್ಷೆಗೆ ಕಳಿಸುವುದು ದೊಡ್ಡ ಊರುಗಳಲ್ಲಿ ರೂಢಿಯಾಗಿದೆ. ‘ಎಕ್ಸೋಮ್’ ಎಂಬ ಪರೀಕ್ಷೆಯಲ್ಲಿ ಓದುವುದು 300 ಕೋಟಿ ಅಕ್ಷರಗಳನ್ನಲ್ಲ. ಪ್ರೋಟೀನು ಸೂಚಿಸುತ್ತವೆಂದು ಪಟ್ಟಿಯಲ್ಲಿ ಬರೆದಿಟ್ಟ ಭಾಗಗಳನ್ನು ಮಾತ್ರ. ಪಟ್ಟಿಯಲ್ಲಿಲ್ಲದ ವಂಶವಾಹಿಯಲ್ಲಿ ದೋಷವಿದ್ದರೆ ಆ ಪರೀಕ್ಷೆಯ ಕಣ್ಣಿಗೆ ಅದು ಬೀಳುವುದಿಲ್ಲ. ವರದಿಯಲ್ಲಿ ದೋಷ ಕಂಡುಬಂದಿಲ್ಲ ಎಂದಿರುತ್ತದೆ. ತಂದೆತಾಯಿ ಅದನ್ನು ದೋಷವಿಲ್ಲ ಎಂದು ಓದಿಕೊಂಡು, ಹಾಗಾದರೆ ಮಗುವಿಗೇಕೆ ಹೀಗಾಯಿತು ಎಂದು ಕೇಳುತ್ತಾರೆ. ಈ ಎರಡು ವಾಕ್ಯಗಳ ನಡುವಿನ ವ್ಯತ್ಯಾಸವನ್ನು ಅವರಿಗೆ ಕೂಡಿಸಿಕೊಂಡು ಹೇಳುವಷ್ಟು ವ್ಯವಧಾನ ವೈದ್ಯರಿಗೆ ಬೇಕಾಗುತ್ತದೆ.

ಗೆರೆ ಎಳೆಯದೆ ಯಾವ ಕೆಲಸವೂ ಸಾಗದು. ಎಸ್ಸೆಸ್ಸೆಲ್ಸಿಯಲ್ಲಿ ದಶಕಗಳ ಕಾಲ 35 ಅಂಕ ಪಾಸಿನ ಗೆರೆಯಾಗಿತ್ತು. 34 ಬಂದ ಹುಡುಗನಿಗೂ 35 ಬಂದವನಿಗೂ ಬುದ್ಧಿಯಲ್ಲಿ ವ್ಯತ್ಯಾಸವಿದೆಯೆಂದು ಯಾವ ಮೇಷ್ಟರೂ ನಂಬಿರಲಿಲ್ಲ. ಆದರೂ ಊರವರ ಬಾಯಲ್ಲಿ ಒಬ್ಬ ಪಾಸು, ಒಬ್ಬ ನಪಾಸು. ಗೆರೆ ಎಳೆದವರಿಗೆ ಅದು ಗೆರೆಯೆಂದು ನೆನಪಿರುತ್ತದೆ; ಎರಡು ತಲೆಮಾರು ಕಳೆದ ಮೇಲೆ ಬಂದವರಿಗೆ ಅದು ಗೋಡೆಯಂತೆ ಕಾಣುತ್ತದೆ. ತೆರೆದ ಓದುಗಳ ವಿಷಯದಲ್ಲಿ ಆದದ್ದೂ ಇಷ್ಟೇ, ಒಂದು ಸಮಾಧಾನವೆಂದರೆ ಇಲ್ಲಿ ಗೋಡೆಯನ್ನು ಮತ್ತೆ ಗೆರೆಯೆಂದು ತೋರಿಸಿದವರೂ ಅದೇ ವಿಜ್ಞಾನದವರು.

ಆ 7,264ರ ಪಟ್ಟಿ ಸಿದ್ಧಪಡಿಸಿದವರು ಅವನ್ನು ವಂಶವಾಹಿಗಳೆಂದು ಕರೆದಿಲ್ಲ. ಹೆಜ್ಜೆಗುರುತು ಕಂಡಿದೆ, ಯಾರದೆಂದು ನೋಡಬೇಕು ಎಂಬರ್ಥದಲ್ಲಿ ಪ್ರತ್ಯೇಕವಾಗಿ ಇಟ್ಟಿದ್ದಾರೆ. ಒಂದೊಂದರ ಚೌಕಟ್ಟನ್ನು ಕೆಡಿಸಿ, ಏನು ನಿಲ್ಲುತ್ತದೆ, ಏನು ನಡೆಯುತ್ತದೆ ಎಂದು ಪರೀಕ್ಷಿಸಬೇಕು. ಹಲವು ಹೊಟ್ಟಾಗಿ ಹಾರಿಹೋಗಬಹುದು. ಜರಡಿಯ ಕೆಳಗಿನದನ್ನು ಮೊರಕ್ಕೆ ಸುರಿದುಕೊಂಡು ಕೇರುವ ಕೆಲಸ ಈಗಷ್ಟೇ ಶುರುವಾಗಿದೆ.